ನಾಲಂದೆಯ ಚೀನೀ ವಿದ್ಯಾರ್ಥಿ ಹ್ಯೂಯೆನ್ ತ್ಸಾಂಗ

ವಿದ್ಯಾರ್ಥಿಯಾದವನು ಗುರುವನ್ನು ಅರಸಿ ಪರದೇಶಕ್ಕೆ ಹೋಗುವುದು ಹೊಸ ಕಾಲದ ರೂಢಿಯೆಂದು ಅನೇಕರು ಭಾವಿಸಿದ್ದಾರೆ. ಪಶ್ಚಿಮದ ವಿದ್ಯಾಪೀಠಗಳಿಗೆ ತೆರಳುವ ತರುಣರನ್ನು ಕಂಡು ಈ ಭಾವನೆ ಹುಟ್ಟಿರುವುದು ಸಹಜವೇ. ಆದರೆ ಭರತಖಂಡವೇ ಪರದೇಶೀಯರಿಗೆ ಗುರುಗೃಹವಾಗಿದ್ದ ಕಾಲವೊಂದಿದ್ದಿತು. ಆ ಕಾಲದಲ್ಲಿ ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ ಇಲ್ಲಿಗೆ ಬಂದು, ಗುರುಪಾದದಡಿಯಲ್ಲಿ ಕುಳಿತು ಓದಿ, ಓದಿದುದನ್ನು ಹೊತ್ತುಕೊಂಡು ತನ್ನ ನಾಡಿಗೆ ಮರಳಿದ ವಿದ್ಯಾರ್ಥಿಗಳಲ್ಲಿ ಹ್ಯೂಯೆನ್ ತ್ಸಾಂಗನು ಅಗ್ರಗಣ್ಯನು. ಶಾಲೆಯ ಪುಸ್ತಕಗಳಲ್ಲಿ ಅವನನ್ನು ಯಾತ್ರಿಕನೆಂದು ವರ್ಣಿಸುವುದು ವಾಡಿಕೆ. ಯಾತ್ರಿಕನೆಂಬುದು ಸುಳ್ಳಲ್ಲ, ಆದರೆ ಅದು ಅವನ ಅರ್ಧ ಪರಿಚಯ. ಊರೂರು ನೋಡುವುದು ಅವನ ಉದ್ದೇಶವಾಗಿರಲಿಲ್ಲ. ಒಂದು ಗ್ರಂಥದ ಅರ್ಥವು ಅವನಿಗೆ ಬೇಕಾಗಿದ್ದಿತು. ಅದನ್ನು ಹೇಳಿಕೊಡಬಲ್ಲ ಗುರುಗಳು ಬೇಕಾಗಿದ್ದರು. ದೇಶಸಂಚಾರವೆಲ್ಲವೂ ಅದಕ್ಕೆ ಅಂಗವಾಗಿ ಬಂದುದು.

ಅವನು ಹುಟ್ಟಿದುದು ಕ್ರಿ. ಶ. 602ರ ಸುಮಾರಿನಲ್ಲಿ, ಚೀನಾದೇಶದ ಲೊಯಾಂಗ್ ನಗರದ ಸಮೀಪದಲ್ಲಿ, ಚೆನ್ ಎಂಬ ಮನೆತನದಲ್ಲಿ. ತಂದೆಯು ಕನ್‌ಫ್ಯೂಷಿಯಸನ ಶಾಸ್ತ್ರಗಳಲ್ಲಿ ನಿಷ್ಣಾತನು. ರಾಜ್ಯವು ಕೆಡುತ್ತಿರುವುದನ್ನು ಕಂಡು ಅಧಿಕಾರವನ್ನು ತೊರೆದು ಗ್ರಂಥಾವಲೋಕನದಲ್ಲಿ ಕಾಲ ಕಳೆದವನು. ನಾಲ್ವರು ಗಂಡುಮಕ್ಕಳಲ್ಲಿ ಹ್ಯೂಯೆನ್ ತ್ಸಾಂಗನೇ ಕಿರಿಯನು. ಎಂಟು ವರ್ಷದ ಬಾಲಕನಾಗಿದ್ದಾಗ ತಂದೆಯು ಪಿತೃಭಕ್ತಿಯ ಶಾಸ್ತ್ರವನ್ನು ಪಾಠ ಹೇಳುತ್ತ, ಗುರುವು ಮಾತನಾಡಿದಾಗ ಶಿಷ್ಯನೊಬ್ಬನು ಆಸನದಿಂದ ಎದ್ದು ನಿಂತನೆಂಬ ಸಂದರ್ಭಕ್ಕೆ ಬಂದನಂತೆ. ಆ ಕ್ಷಣವೇ ಬಾಲಕನು ಉಡುಪನ್ನು ಸರಿಪಡಿಸಿಕೊಂಡು ಎದ್ದು ನಿಂತನು. ಓದಿದುದನ್ನು ಓದಿದಲ್ಲಿಯೇ ಆಚರಿಸುವ ಈ ಸ್ವಭಾವವು ಕಡೆಯವರೆಗೂ ಅವನನ್ನು ಬಿಡಲಿಲ್ಲ. ಎರಡನೆಯ ಅಣ್ಣನು ಲೊಯಾಂಗ್ ನಗರದ ಬೌದ್ಧವಿಹಾರವೊಂದರಲ್ಲಿ ಭಿಕ್ಷುವಾಗಿದ್ದನು. ಅವನ ಆಶ್ರಯದಲ್ಲಿ ತಮ್ಮನೂ ವಿಹಾರವನ್ನು ಸೇರಿ, ಹದಿಮೂರನೆಯ ವಯಸ್ಸಿನಲ್ಲಿ ವಟುವಾಗಿ ಅಂಗೀಕೃತನಾದನು.

ಅಷ್ಟರಲ್ಲಿ ಸೂಯಿ ವಂಶದ ಪ್ರಭುತ್ವವು ಉರುಳಿಬಿದ್ದು ದೇಶವೆಲ್ಲ ಕ್ಷೋಭೆಗೊಳಗಾಯಿತು. ಅಣ್ಣತಮ್ಮಂದಿರಿಬ್ಬರೂ ಅನ್ನವೂ ಪಾಠವೂ ದೊರೆಯುವ ಸ್ಥಳವನ್ನು ಹುಡುಕುತ್ತ ಪಶ್ಚಿಮದ ಚೆಂಗ್ಡು ನಗರಕ್ಕೆ ಹೋದರು. ಅಲ್ಲಿ 622ರಲ್ಲಿ ಹ್ಯೂಯೆನ್ ತ್ಸಾಂಗನಿಗೆ ಪೂರ್ಣದೀಕ್ಷೆಯಾಯಿತು. ಅನಂತರ ತಾಂಗ್ ವಂಶದ ರಾಜಧಾನಿಯಾದ ಚಾಂಗ್-ಆನ್ ನಗರಕ್ಕೆ ಬಂದು ಪ್ರಸಿದ್ಧ ಆಚಾರ್ಯರೆಲ್ಲರ ಬಳಿಯಲ್ಲಿಯೂ ಪಾಠ ಕೇಳಿದನು. ಕೇಳಿದಷ್ಟೂ ಸಂಶಯವು ಹೆಚ್ಚಿತು. ಒಬ್ಬ ಆಚಾರ್ಯನು ಹೇಳಿದ ಅರ್ಥವನ್ನು ಇನ್ನೊಬ್ಬನು ಅಲ್ಲಗಳೆಯುವನು. ಗ್ರಂಥವನ್ನು ತೆಗೆದು ನೋಡಿದರೆ ಒಂದು ಭಾಷಾಂತರದಲ್ಲಿ ಹೀಗೆ, ಮತ್ತೊಂದರಲ್ಲಿ ಹಾಗೆ. ವಿಜ್ಞಾನವಾದಕ್ಕೆ ಆಧಾರವಾದ ಯೋಗಾಚಾರಭೂಮಿ ಎಂಬ ಮಹಾಶಾಸ್ತ್ರವು ಚೀನೀ ಭಾಷೆಯಲ್ಲಿ ಪೂರ್ಣವಾಗಿ ದೊರೆಯುತ್ತಲೂ ಇರಲಿಲ್ಲ. ಮೂಲವನ್ನು ಮೂಲಭಾಷೆಯಲ್ಲಿ, ಅದರ ಪರಂಪರೆಯನ್ನು ಬಲ್ಲ ಗುರುಗಳಿಂದ ಕೇಳದ ಹೊರತು ಈ ಗೊಂದಲವು ಹರಿಯದೆಂದು ಅವನು ನಿಶ್ಚಯಿಸಿದನು. ಅರ್ಥವಾಗದ ಪಂಕ್ತಿಯನ್ನು ಅರ್ಥವಾದಂತೆ ಒಪ್ಪಿಸಿ ಮುಂದೆ ಸಾಗುವ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲಿಯೂ ಬಹಳ ಮಂದಿ. ಅದಕ್ಕಾಗಿ ದೇಶವನ್ನೇ ಬಿಟ್ಟು ಹೊರಡುವವನು ವಿರಳ.

ಹೊಸ ಪ್ರಭುತ್ವವು ಇನ್ನೂ ಸ್ಥಿರವಾಗಿರಲಿಲ್ಲವಾದುದರಿಂದ ಗಡಿಯನ್ನು ದಾಟುವುದಕ್ಕೆ ರಾಜಾಜ್ಞೆಯ ಪ್ರತಿಬಂಧವಿದ್ದಿತು. ಅಪ್ಪಣೆಯನ್ನು ಬೇಡಿದ ಭಿಕ್ಷುಗಳಿಗೆ ಅದು ದೊರೆಯಲಿಲ್ಲ. ಜೊತೆಗಾರರು ಹಿಂಜರಿದರು, ಹ್ಯೂಯೆನ್ ತ್ಸಾಂಗನು 629ರಲ್ಲಿ ಗುಟ್ಟಾಗಿ ಪಶ್ಚಿಮಾಭಿಮುಖನಾಗಿ ಹೊರಟನು. ಹಗಲು ಅಡಗಿ, ಇರುಳು ನಡೆದು ಗಡಿಯನ್ನು ಮುಟ್ಟಿದನು. ದಾರಿತೋರಲು ಒಪ್ಪಿಕೊಂಡ ವಿದೇಶೀಯನೊಬ್ಬನು ನಡುರಾತ್ರಿಯಲ್ಲಿ ಕತ್ತಿಯನ್ನು ಹಿರಿದು ಸಮೀಪಿಸಿ, ಮನಸ್ಸಾಗದೆ ಹಿಂದಿರುಗಿದನು. ಮರುದಿನ ಅವನನ್ನು ಕಳುಹಿಸಿಕೊಟ್ಟು ಭಿಕ್ಷುವು ಏಕಾಕಿಯಾಗಿ ಮುಂದುವರಿದನು. ಇದ್ದ ಸಂಗಾತಿಯೆಂದರೆ ಆ ದಾರಿಯಲ್ಲಿ ಅನೇಕ ಸಲ ಹೋಗಿಬಂದಿದ್ದ ಒಂದು ಮುದಿ ಕೆಂಗುದುರೆ. ಕಾವಲುಗೋಪುರದಿಂದ ಬಾಣಗಳು ಬಂದವು. ಅವುಗಳನ್ನು ಕಳೆದು ಮುಂದೆ ಹೋದರೆ ಮರಳುಗಾಡು. ಅಲ್ಲಿ ನೀರಿನ ತೊಗಲಚೀಲವು ಕೈಜಾರಿ ಇದ್ದ ನೀರೆಲ್ಲ ಮರಳಿನ ಪಾಲಾಯಿತು. ಹಿಂದಕ್ಕೆ ತಿರುಗಿ ಒಂದಷ್ಟು ದೂರ ನಡೆದವನು, ಭಾರತವನ್ನು ಸೇರದೆ ಪೂರ್ವಕ್ಕೆ ಒಂದು ಹೆಜ್ಜೆಯನ್ನೂ ಇಡೆನೆಂದು ತಾನು ತೊಟ್ಟ ಪಣವನ್ನು ನೆನೆದು, ಕುದುರೆಯ ತಲೆಯನ್ನು ಮತ್ತೆ ಪಶ್ಚಿಮಕ್ಕೆ ತಿರುಗಿಸಿದನು. ನಾಲ್ಕು ರಾತ್ರಿ ಐದು ಹಗಲು ನೀರಿಲ್ಲದೆ ಕಳೆದ ಮೇಲೆ ಆ ಮುದಿಕುದುರೆಯೇ ದಾರಿಯನ್ನು ಬಿಟ್ಟು ನಡೆದು ಅವನನ್ನು ಹುಲ್ಲುನೀರುಗಳಿರುವ ಸ್ಥಳಕ್ಕೆ ಮುಟ್ಟಿಸಿತು.

ಮುಂದೆ ತುರ್ಫಾನ್ ಪ್ರಾಂತದ ಕಾವೊಚಾಂಗ್ ರಾಜ್ಯದಲ್ಲಿ ಬೇರೊಂದು ಬಗೆಯ ವಿಘ್ನವೊದಗಿತು. ಅಲ್ಲಿಯ ಅರಸನು ಭಕ್ತನು. ಭಿಕ್ಷುವಿನ ವಿದ್ವತ್ತಿಗೆ ಮಾರುಹೋಗಿ, ಇನ್ನು ಮುಂದೆ ಹೋಗಗೊಡೆನು, ತನ್ನ ರಾಜ್ಯದಲ್ಲಿಯೇ ಗುರುಸ್ಥಾನದಲ್ಲಿರಬೇಕೆಂದು ಹಟ ಹಿಡಿದನು. ಶತ್ರುವಿನ ಬಾಣಕ್ಕಿಂತ ಭಕ್ತನ ಆದರವು ಬಿಡಿಸಿಕೊಳ್ಳಲು ಕಷ್ಟವಾದುದು. ಹ್ಯೂಯೆನ್ ತ್ಸಾಂಗನು ಮೂರು ದಿನ ಅನ್ನನೀರುಗಳನ್ನು ಬಿಟ್ಟು ಕುಳಿತನು. ನಾಲ್ಕನೆಯ ದಿನ ಅರಸನು ನಾಚಿ ಮಣಿದನು. ಆದರೆ ಹಿಂದಿರುಗುವಾಗ ಮೂರು ವರ್ಷ ತನ್ನಲ್ಲಿ ನಿಲ್ಲಬೇಕೆಂದು ವಚನವನ್ನು ಪಡೆದನು. ಬಳಿಕ ಮೂವತ್ತು ಕುದುರೆಗಳನ್ನೂ ಇಪ್ಪತ್ತೈದು ಆಳುಗಳನ್ನೂ ಇಪ್ಪತ್ತು ವರ್ಷಗಳ ವೆಚ್ಚಕ್ಕೆ ಸಾಲುವಷ್ಟು ಹೊನ್ನು, ಬೆಳ್ಳಿ, ರೇಷ್ಮೆಗಳನ್ನೂ, ದಾರಿಯ ರಾಜರಿಗೆ ಇಪ್ಪತ್ತುನಾಲ್ಕು ಓಲೆಗಳನ್ನೂ ಕೊಟ್ಟು ಬೀಳ್ಕೊಟ್ಟನು. ಈ ವಚನದ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಬರುವುದು.

ಹಿಮಪರ್ವತದ ಕಣಿವೆಯಲ್ಲಿ ಪರಿವಾರದ ಹತ್ತರಲ್ಲಿ ಮೂರು ನಾಲ್ಕು ಪಾಲು ಜನ ಚಳಿಗೆ ಮಡಿದರು. ತುರುಕರ ಖಾನನ ಪಾಳೆಯ, ಸಮರಕಂದ, ಬಾಲ್ಖ್, ಬಾಮಿಯಾನ್, ಕಪಿಶ, ಗಾಂಧಾರ, ಹೀಗೆ ದಾರಿ ಸಾಗಿತು. ಬಾಮಿಯಾನಿನ ಬೆಟ್ಟದಲ್ಲಿ ಅವನು ಕಂಡು ವರ್ಣಿಸಿದ ಬೃಹತ್ ಬುದ್ಧವಿಗ್ರಹಗಳು ಸಾವಿರದ ನಾನೂರು ವರ್ಷ ನಿಂತಿದ್ದು 2001ರಲ್ಲಿ ಒಡೆಯಲ್ಪಟ್ಟವು. ಗಾಂಧಾರದಲ್ಲಿ ಪಾಣಿನಿಯ ಜನ್ಮಸ್ಥಳವಾದ ಶಲಾತುರವನ್ನು ಸಂದರ್ಶಿಸಿ, ಅಲ್ಲಿ ಆ ಮಹರ್ಷಿಯ ಪ್ರತಿಮೆಯಿದ್ದಿತೆಂದು ಬರೆದಿದ್ದಾನೆ. ಕಾಶ್ಮೀರದಲ್ಲಿ ಎರಡು ವರ್ಷ ನಿಂತು ವೃದ್ಧ ಆಚಾರ್ಯರೊಬ್ಬರಲ್ಲಿ ಪಾಠ ಕೇಳಿದನು; ಅಲ್ಲಿಯ ಅರಸನು ಗ್ರಂಥಗಳನ್ನು ಪ್ರತಿಮಾಡಿಕೊಡಲು ಇಪ್ಪತ್ತು ಮಂದಿ ಲೇಖಕರನ್ನು ನೇಮಿಸಿದನು. ಮಥುರೆ, ಕನೂಜ, ಪ್ರಯಾಗ, ಶ್ರಾವಸ್ತಿ, ಕಾಶಿಗಳನ್ನು ಹಾದು ಬುದ್ಧಗಯೆಯ ಬೋಧಿವೃಕ್ಷದ ಬುಡಕ್ಕೆ ಬಂದಾಗ ಮಾತ್ರ, ಅಷ್ಟು ದಾರಿಯ ಕಷ್ಟಗಳಲ್ಲಿ ಅಳದವನು ನೆಲಕ್ಕೆ ಬಿದ್ದು ಅತ್ತನು. ಬುದ್ಧನು ಜ್ಞಾನವನ್ನು ಪಡೆದ ಹೊತ್ತಿನಲ್ಲಿ ತಾನು ಯಾವ ಜನ್ಮದಲ್ಲಿ ಎಲ್ಲಿ ಅಲೆಯುತ್ತಿದ್ದೆನೋ, ಇಷ್ಟು ತಡವಾಗಿ ಬಂದೆನಲ್ಲಾ ಎಂಬುದೇ ಆ ದುಃಖಕ್ಕೆ ಕಾರಣ. ಚಾತುರ್ಮಾಸ್ಯವು ಮುಗಿದು ನಾನಾ ಕಡೆಗಳಿಂದ ನೆರೆದಿದ್ದ ಸಾವಿರಾರು ಭಿಕ್ಷುಗಳು ಅದನ್ನು ಕಂಡು ತಾವೂ ಕಣ್ಣೀರಿಟ್ಟರು.

ನಾಲಂದೆಯವರಿಗೆ ಸುದ್ದಿ ಮುಟ್ಟಿದ್ದಿತು. ನಾಲ್ವರು ಹಿರಿಯರು ಬಂದು ಅವನನ್ನು ಕರೆದೊಯ್ದರು. ಇನ್ನೂರು ಭಿಕ್ಷುಗಳೂ ಸಾವಿರಾರು ಗೃಹಸ್ಥರೂ ಛತ್ರಪುಷ್ಪಗಳೊಡನೆ ಎದುರುಗೊಂಡರು. ಆಗ ಆ ಮಹಾವಿಹಾರದ ಅಧಿಪತಿಗಳು ಶೀಲಭದ್ರಾಚಾರ್ಯರು. ಅವರು ವಂಗದೇಶದ ಸಮತಟದ ರಾಜವಂಶದಲ್ಲಿ ಬ್ರಾಹ್ಮಣರಾಗಿ ಜನಿಸಿ, ಧರ್ಮಪಾಲಾಚಾರ್ಯರ ಶಿಷ್ಯರಾಗಿ, ಮೂವತ್ತರ ಪ್ರಾಯದಲ್ಲಿಯೇ ದಕ್ಷಿಣದಿಂದ ಬಂದ ಪ್ರತಿವಾದಿಯನ್ನು ಗುರುಗಳ ಪರವಾಗಿ ನಿಂತು ಜಯಿಸಿದವರು. ಹ್ಯೂಯೆನ್ ತ್ಸಾಂಗನು ಬಂದಾಗ ಅವರಿಗೆ ನೂರಾರು ವರ್ಷ ವಯಸ್ಸಾಗಿದ್ದಿತೆಂದು, ಅಂದರೆ ನೂರಕ್ಕೆ ಮೇಲೆ ಆರು ವರ್ಷವೆಂದು, ಅವನ ಚರಿತ್ರಕಾರನು ಹೇಳುತ್ತಾನೆ. ವಿಹಾರದವರು ಗೌರವದಿಂದ ಅವರ ಹೆಸರನ್ನು ಉಚ್ಚರಿಸುತ್ತಿರಲಿಲ್ಲ. ಸದ್ಧರ್ಮದ ನಿಧಿ ಎಂಬ ಅರ್ಥದ ಬಿರುದಿನಿಂದಲೇ ಕರೆಯುತ್ತಿದ್ದರು. ಚೀನದ ಶಿಷ್ಯನು ಆ ದೇಶದ ಪದ್ಧತಿಯಂತೆ ಮೊಣಕಾಲು ಮೊಣಕೈಗಳಿಂದ ತೆವಳುತ್ತ ಹೋಗಿ ಗುರುಪಾದಕ್ಕೆ ತಲೆಯಿಟ್ಟನು. ಎಲ್ಲಿಂದ, ಏತಕ್ಕೆ ಬಂದುದೆಂದು ಗುರುಗಳು ವಿಚಾರಿಸಿದರು. ಚೀನದಿಂದ, ಯೋಗಶಾಸ್ತ್ರದ ಪಾಠಕ್ಕಾಗಿ, ಎಂದು ತಿಳಿದೊಡನೆ ಆ ವೃದ್ಧರ ಕಣ್ಣುಗಳು ತುಂಬಿಬಂದವು.

ಅವರು ತಮ್ಮ ಸೋದರಸಂಬಂಧಿಯೂ ಶಿಷ್ಯನೂ ಆದ ಬುದ್ಧಭದ್ರನನ್ನು ಕರೆದು ಹಿಂದಿನ ಸಂಗತಿಯನ್ನು ಸಭೆಗೆ ಹೇಳಿಸಿದರು. ಗುರುಗಳಿಗೆ ಕೈಕಾಲುಗಳ ಸಂದುಗಳಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಬೆಂಕಿಯಿಟ್ಟಂತಹ ವಾತವ್ಯಥೆಯಿದ್ದಿತು. ಮೂರು ವರ್ಷಗಳ ಹಿಂದೆ ಅದು ಸಹಿಸಲಾರದಷ್ಟಾಗಿ, ಆಹಾರವನ್ನು ಬಿಟ್ಟು ದೇಹತ್ಯಾಗ ಮಾಡಬೇಕೆಂದು ಅವರು ನಿಶ್ಚಯಿಸಿದ್ದರು. ಆಗ ಸ್ವಪ್ನದಲ್ಲಿ ಬೋಧಿಸತ್ತ್ವರು ಕಾಣಿಸಿಕೊಂಡು, ಚೀನದೇಶದಿಂದ ಶಿಷ್ಯನೊಬ್ಬನು ಬರುತ್ತಿರುವನು, ಅವನಿಗೆ ಶಾಸ್ತ್ರವನ್ನು ಹೇಳಿಕೊಡುವವರೆಗೆ ಕಾದಿರಬೇಕೆಂದು ಅಪ್ಪಣೆಮಾಡಿದರಂತೆ. ಸ್ವಪ್ನದ ವಿಷಯದಲ್ಲಿ ತಾರ್ಕಿಕರು ತಮ್ಮ ಇಷ್ಟದಂತೆ ತಿಳಿಯಲಿ. ದೇಹವು ಬೇಡವಾದ ಮೇಲೆಯೂ ಪಾಠವು ಬಾಕಿಯಿದೆಯೆಂಬ ಒಂದೇ ಕಾರಣದಿಂದ ಒಬ್ಬ ಮುದುಕರು ಉಸಿರನ್ನು ಹಿಡಿದುಕೊಂಡಿದ್ದರೆಂಬುದು ಇದರಿಂದ ತಿಳಿಯುವುದು. ಹಿಮದಲ್ಲಿ ನಡೆದುಬಂದ ಶಿಷ್ಯನ ತಪಸ್ಸನ್ನು ಲೋಕವು ಕೊಂಡಾಡಿದೆ. ಕಾದು ಕುಳಿತ ಗುರುವಿನ ತಪಸ್ಸು ಅದಕ್ಕಿಂತ ಕಡಿಮೆಯಾದುದಲ್ಲ.

ನಾಲಂದೆಗೆ ಪ್ರವೇಶವು ಸುಲಭವಾಗಿರಲಿಲ್ಲ. ಮಹಾದ್ವಾರದಲ್ಲಿದ್ದ ಪಂಡಿತನು ಕಠಿನ ಪ್ರಶ್ನೆಗಳನ್ನು ಕೇಳುವನು. ಬಂದ ಹತ್ತು ಜನರಲ್ಲಿ ಏಳೆಂಟು ಜನ ಉತ್ತರಿಸಲಾರದೆ ಹಿಂದಿರುಗುವರು. ಒಳಗೆ ಪ್ರತಿದಿನ ನೂರು ಪೀಠಗಳಲ್ಲಿ ಪಾಠಪ್ರವಚನಗಳು ನಡೆಯುತ್ತಿದ್ದವು. ನಿವಾಸಿಗಳ ಸಂಖ್ಯೆಯನ್ನು ಚರಿತ್ರಕಾರನು ಹತ್ತುಸಾವಿರವೆಂದು ಹೇಳಿರುವುದರಲ್ಲಿ ಶಿಷ್ಯಾಭಿಮಾನವು ಸ್ವಲ್ಪ ಸೇರಿರಬಹುದು. ಇಪ್ಪತ್ತು ಶಾಸ್ತ್ರಗ್ರಂಥಗಳನ್ನು ಬಲ್ಲವರು ಸಾವಿರ, ಮೂವತ್ತನ್ನು ಬಲ್ಲವರು ಐನೂರು, ಐವತ್ತನ್ನು ಬಲ್ಲವರು ಹತ್ತು ಜನ ಮಾತ್ರ. ಎಲ್ಲವನ್ನೂ ಬಲ್ಲವರು ಶೀಲಭದ್ರರೊಬ್ಬರೇ ಎಂದು ಅಲ್ಲಿಯ ಲೆಕ್ಕ. ರಾಜನು ನೂರು ಗ್ರಾಮಗಳ ಉತ್ಪತ್ತಿಯನ್ನು ವಿಹಾರಕ್ಕೆ ಬಿಟ್ಟಿದ್ದನು. ಆ ಊರುಗಳ ಒಕ್ಕಲುಗಳು ದಿನದಿನವೂ ಅಕ್ಕಿ, ಹಾಲು, ಬೆಣ್ಣೆಗಳನ್ನು ತಂದು ಒಪ್ಪಿಸುವರು; ಆದುದರಿಂದ ವಿದ್ಯಾರ್ಥಿಯು ಅನ್ನವಸ್ತ್ರಗಳಿಗಾಗಿ ಯಾರನ್ನೂ ಬೇಡಬೇಕಾಗಿರಲಿಲ್ಲ. ಸುಗ್ಗಿಯಲ್ಲಿ ಮಠದ ಕಣಜಕ್ಕೆ ಕಾಳನ್ನು ಅಳೆಯುವ ಭಕ್ತರಿಗೂ, ಮಠದ ಪ್ರಸಾದವನ್ನುಂಡು ಓದಿದವರಿಗೂ ಈ ವ್ಯವಸ್ಥೆಯ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯೂಯೆನ್ ತ್ಸಾಂಗನಿಗೆ ಪ್ರತಿದಿನವೂ ಮಹಾಶಾಲಿಯೆಂಬ, ದಪ್ಪನಾದ, ಸುವಾಸನೆಯ ಅಕ್ಕಿಯೂ, ಅಡಕೆ, ಕರ್ಪೂರ, ಹಾಲು, ಬೆಣ್ಣೆಗಳೂ ನಿಯಮಿತವಾಗಿದ್ದವು. ಆ ಅಕ್ಕಿಯು ಮಗಧದಲ್ಲಿ ಮಾತ್ರ ಬೆಳೆಯುವುದೆಂದೂ, ರಾಜರಿಗೂ ಮಹಾಪಂಡಿತರಿಗೂ ಮಾತ್ರ ದೊರೆಯುವುದೆಂದೂ ಅವನು ತನ್ನ ಶಿಷ್ಯರಿಗೆ ಮುಪ್ಪಿನಲ್ಲಿ ನೆನೆದು ಹೇಳಿರಬೇಕು. ಇಲ್ಲವಾದರೆ ಆ ಅಕ್ಕಿಯ ಕಾಳಿನ ಗಾತ್ರವು ಅವನ ಚರಿತ್ರೆಯಲ್ಲಿ ಸೇರುತ್ತಿರಲಿಲ್ಲ.

ಶೀಲಭದ್ರರು ಯೋಗಶಾಸ್ತ್ರದ ಪ್ರವಚನವನ್ನು ಆರಂಭಿಸಿದರು. ಹದಿನೈದು ತಿಂಗಳುಗಳಲ್ಲಿ ಒಂದು ಆವೃತ್ತಿ ಮುಗಿಯಿತು. ಹ್ಯೂಯೆನ್ ತ್ಸಾಂಗನು ಅಷ್ಟರಿಂದ ತೃಪ್ತನಾಗದೆ ಆ ಗ್ರಂಥವನ್ನು ಒಟ್ಟು ಮೂರಾವರ್ತಿ ಕೇಳಿದನು. ಮಾಧ್ಯಮಿಕಶಾಸ್ತ್ರವನ್ನು ಮೂರಾವರ್ತಿ, ಹೇತುವಿದ್ಯೆ ಶಬ್ದವಿದ್ಯೆಗಳನ್ನು ಎರಡೆರಡಾವರ್ತಿ ಕೇಳಿದನು. ಈಗಿನ ವಿದ್ಯಾರ್ಥಿಗಳು ಒಂದಾವರ್ತಿಯಲ್ಲಿಯೇ ಬೇಸರಗೊಳ್ಳುವುದನ್ನು ನೋಡಿದರೆ ಈ ಸಂಖ್ಯೆಗಳು ವಿಚಾರಾರ್ಹವಾಗಿವೆ. ವ್ಯಾಕರಣವನ್ನು ಅವನು ಎಷ್ಟು ಬಿಗಿಯಾಗಿ ಹಿಡಿದನೆಂಬುದಕ್ಕೆ ಅವನ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ಸುಬಂತದ ಎಂಟು ವಿಭಕ್ತಿಗಳು, ಏಕ ದ್ವಿ ಬಹುವಚನಗಳಿಂದ ಇಪ್ಪತ್ತುನಾಲ್ಕು ರೂಪಗಳು. ತಿಙಂತದಲ್ಲಿ ಪರಸ್ಮೈಪದದ ಒಂಬತ್ತು, ಆತ್ಮನೇಪದದ ಒಂಬತ್ತು, ಒಟ್ಟು ಹದಿನೆಂಟು ಪ್ರತ್ಯಯಗಳು. ಭವತಿ ಭವತಃ ಭವಂತಿ ಎಂಬ ರೂಪಾವಳಿ, ಪುರುಷ ಶಬ್ದದ ರೂಪಗಳು, ಇವೆಲ್ಲವೂ ಆ ಚೀನೀ ಪುಸ್ತಕದಲ್ಲಿ ಕ್ರಮವಾಗಿ ಬರುತ್ತವೆ. ವಚನವೂ ವಿಭಕ್ತಿಪ್ರತ್ಯಯವೂ ಇಲ್ಲದ ಭಾಷೆಯಲ್ಲಿ ಹುಟ್ಟಿಬೆಳೆದವನು, ಮೂವತ್ತು ದಾಟಿದ ಮೇಲೆ, ಪಾಠಶಾಲೆಯ ಬಾಲಕರ ಜೊತೆಯಲ್ಲಿ ಕುಳಿತವನಂತೆ ಈ ರೂಪಗಳನ್ನು ಉರುಹೊಡೆದನೆಂಬುದನ್ನು ನೆನೆದರೆ ಅವನ ಮರುಭೂಮಿಯ ಪ್ರಯಾಣವು ಎರಡನೆಯ ಸಾಹಸವಾಗಿ ತೋರುವುದು. ಹೀಗೆ ನಾಲಂದೆಯಲ್ಲಿ ಐದು ವರ್ಷ ಕಳೆಯಿತು.

ಅನಂತರ ಅವನು ದಕ್ಷಿಣಾಪಥಕ್ಕೆ ಹೊರಟನು. ಕಾಂಚಿಯವರೆಗೆ ಹೋಗಿ ಅಲ್ಲಿಂದ ಸಿಂಹಳದ್ವೀಪದ ಆಚಾರ್ಯರನ್ನು ಕಾಣಬೇಕೆಂದಿದ್ದನು. ಆದರೆ ಸಿಂಹಳದಲ್ಲಿ ಅರಸನು ಮೃತನಾಗಿ ಕ್ಷಾಮವೂ ಕ್ಷೋಭೆಯೂ ಉಂಟಾಗಿ, ಅಲ್ಲಿಯ ಭಿಕ್ಷುಗಳೇ ಕಾಂಚಿಗೆ ಬಂದಿಳಿದಿದ್ದರು. ಅವರನ್ನು ಯೋಗಶಾಸ್ತ್ರದ ಕಠಿನ ಸ್ಥಳಗಳಲ್ಲಿ ವಿಚಾರಿಸಿ ನೋಡಿದನು. ಶೀಲಭದ್ರರು ಹೇಳಿದುದಕ್ಕಿಂತ ಹೆಚ್ಚಿನದೇನೂ ಅವರಲ್ಲಿರಲಿಲ್ಲ. ಸಮುದ್ರವನ್ನು ದಾಟುವ ಯೋಚನೆಯನ್ನು ಅಲ್ಲಿಗೇ ಬಿಟ್ಟು ವಾಯವ್ಯಕ್ಕೆ ತಿರುಗಿದನು. ಕನ್ನಡನಾಡಿಗೆ ಅವನ ಪಾದಸ್ಪರ್ಶವಾದುದು ಈ ಸಂದರ್ಭದಲ್ಲಿ. ಅವನು ಕೊಂಕಣಪುರವೆಂದು ಕರೆದಿರುವ ರಾಜ್ಯದ ಸ್ಥಾನವನ್ನು ಕುರಿತು ಇತಿಹಾಸಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಆನೆಗೊಂದಿಯೆಂದು ಕೆಲವರು, ಬನವಾಸಿಯೆಂದು ಕೆಲವರು ಊಹಿಸಿದ್ದಾರೆ. ಅಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳಿದ್ದವೆಂದೂ, ರಾಜಧಾನಿಯ ಹತ್ತಿರ ತಾಳೆಯ ವನವೊಂದಿದ್ದಿತೆಂದೂ, ಅದರ ಉದ್ದವಾದ ನುಣುಪಾದ ಗರಿಗಳನ್ನು ಎಲ್ಲ ದೇಶದವರೂ ಬರೆಯುವುದಕ್ಕೆ ಉಪಯೋಗಿಸುತ್ತಿದ್ದರೆಂದೂ ಹೇಳಿದ್ದಾನೆ. ಪುಸ್ತಕವನ್ನು ಅರಸಿ ಬಂದವನ ಕಣ್ಣು ಓಲೆಯ ಮರದ ಮೇಲೆ ನಿಂತುದು ಆಶ್ಚರ್ಯವಲ್ಲ.

ಮುಂದೆ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡನು. ಆ ಜನರು ನೇರವಾದವರು, ಮಾನಿಗಳು, ಉಪಕಾರವನ್ನು ಮರೆಯದವರು, ಅಪಕಾರಕ್ಕೆ ಸೇಡು ತೀರಿಸದೆ ಬಿಡದವರು. ಸೋತುಬಂದ ದಂಡನಾಯಕನಿಗೆ ಹೆಣ್ಣಿನ ಉಡುಪನ್ನು ಕೊಡುವರು. ಯುದ್ಧದಾನೆಗಳಿಗೆ ಮದ್ಯವನ್ನು ಕುಡಿಸುವರು. ಪೂರ್ವಪಶ್ಚಿಮಗಳನ್ನು ಗೆದ್ದ ಹರ್ಷನು ಇವರನ್ನು ಮಾತ್ರ ಗೆಲ್ಲಲಾರದೆ ಹೋದನು, ಎಂಬುದಾಗಿ ಅವನ ವರ್ಣನೆಯ ಸಾರಾಂಶ. ಹರ್ಷನ ಆ ಸೋಲನ್ನು ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ, 634ರಲ್ಲಿ ರವಿಕೀರ್ತಿಯು ರಚಿಸಿದ ಶಾಸನವೂ ಸಾರುತ್ತದೆ. ಒಂದು ಆಶ್ರಿತಕವಿಯ ಪ್ರಶಸ್ತಿ, ಇನ್ನೊಂದು ಹರ್ಷನಿಂದಲೇ ಸತ್ಕಾರವನ್ನು ಪಡೆದ ಪರದೇಶೀಯನ ಬರವಣಿಗೆ. ಎರಡೂ ಒಂದೇ ಮಾತನ್ನು ಹೇಳುವುದರಿಂದ ಸಂಶಯಕ್ಕೆ ಎಡೆಯಿಲ್ಲ.

ನಾಲಂದೆಗೆ ಮರಳಿದ ಮೇಲೆ ಜಯಸೇನನೆಂಬ ಗೃಹಸ್ಥಪಂಡಿತನಲ್ಲಿ ಎರಡು ವರ್ಷ ಓದಿದನು. ಅನಂತರ ಶೀಲಭದ್ರರ ಅಪ್ಪಣೆಯಂತೆ ತಾನೇ ಪೀಠದಲ್ಲಿ ಕುಳಿತು ಪಾಠ ಹೇಳಿದನು. ಯೋಗಾಚಾರ ಮಾಧ್ಯಮಿಕಗಳಿಗೆ ವಿರೋಧವಿಲ್ಲವೆಂದು ತೋರಿಸುವ ಮೂರು ಸಾವಿರ ಶ್ಲೋಕಗಳ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಈ ಕಾಲದ ಒಂದು ಸಂಗತಿಯು ಅವನ ವಿಜಯಗಳೆಲ್ಲಕ್ಕಿಂತ ಹೆಚ್ಚು ಸ್ಮರಣೀಯವಾದುದು. ಲೋಕಾಯತ ಮತದ ಬ್ರಾಹ್ಮಣನೊಬ್ಬನು ನಲವತ್ತು ಪ್ರತಿಜ್ಞೆಗಳನ್ನು ಬರೆದು ವಿಹಾರದ ಬಾಗಿಲಿಗೆ ಅಂಟಿಸಿ, ಯಾರಾದರೂ ಖಂಡಿಸಿದರೆ ತಲೆಯನ್ನೇ ಕೊಡುವೆನೆಂದು ಸಾರಿದನು. ಹ್ಯೂಯೆನ್ ತ್ಸಾಂಗನು ಅವನನ್ನು ವಾದದಲ್ಲಿ ಸೋಲಿಸಿ, ತಲೆಯನ್ನು ಬೇಡದೆ ಪರಿಚಾರಕನನ್ನಾಗಿ ಇಟ್ಟುಕೊಂಡನು. ಕೆಲವು ಕಾಲದ ಮೇಲೆ, ಮಹಾಯಾನವನ್ನು ಖಂಡಿಸುವ ಏಳುನೂರು ಶ್ಲೋಕಗಳ ಗ್ರಂಥವೊಂದಕ್ಕೆ ಉತ್ತರ ಬರೆಯಬೇಕಾಗಿ ಬಂದಿತು. ಅದರಲ್ಲಿ ಕೆಲವು ಸ್ಥಳಗಳು ಅವನಿಗೆ ತಿಳಿಯಲಿಲ್ಲ. ಈ ಪರಿಚಾರಕನು ಆ ಗ್ರಂಥದ ಪಾಠವನ್ನು ಐದಾವರ್ತಿ ಕೇಳಿದವನು. ಯಜಮಾನನು ಅವನಿಂದಲೇ ಪಾಠ ಕೇಳಲು ಕುಳಿತನು. ದಾಸನಿಂದ ಕಲಿತನೆಂಬ ಅಪವಾದವು ಬಾರದಿರಲೆಂದು ಆ ಬ್ರಾಹ್ಮಣನೇ ರಾತ್ರಿಯ ಹೊತ್ತನ್ನು ಬೇಡಿಕೊಂಡನು. ಗ್ರಂಥವು ತಿಳಿದ ಮೇಲೆ ಖಂಡನೆಯು ಸಿದ್ಧವಾಯಿತು. ಆ ಬ್ರಾಹ್ಮಣನಿಗೆ ಬಿಡುಗಡೆಯೂ ಆಯಿತು. ಅವನು ಸಂತೋಷದಿಂದ ಕಾಮರೂಪಕ್ಕೆ ಹೋಗಿ ಅಲ್ಲಿಯ ಅರಸ ಭಾಸ್ಕರವರ್ಮನ ಮುಂದೆ ತನ್ನನ್ನು ಗೆದ್ದವನ ಗುಣಗಾನವನ್ನು ಮಾಡಿದನು.

ಭಾಸ್ಕರವರ್ಮನ ಮೂಲಕ ಹರ್ಷನ ಪರಿಚಯವೂ, 643ರ ಸುಮಾರಿನಲ್ಲಿ ಕನೂಜದ ಮಹಾಸಭೆಯೂ ಒದಗಿದವು. ಹದಿನೆಂಟು ರಾಜರೂ ಸಾವಿರಾರು ಪಂಡಿತರೂ ನೆರೆದ ಸಭೆಯಲ್ಲಿ ಅವನ ಪ್ರತಿಜ್ಞೆಯನ್ನು ಹದಿನೆಂಟು ದಿನವೂ ಯಾರೂ ಖಂಡಿಸಲಿಲ್ಲವಂತೆ. ಆದರೆ ಅವನಿಗೆ ಕೇಡು ಬಗೆದವರ ತಲೆಯನ್ನು ಕಡಿಸುವುದಾಗಿಯೂ, ನಿಂದಿಸಿದವರ ನಾಲಗೆಯನ್ನು ಕೀಳಿಸುವುದಾಗಿಯೂ ಹರ್ಷನು ಸಾರಿಸಿದ್ದನೆಂದು ಅದೇ ಚರಿತ್ರೆಯು ಹೇಳುವುದರಿಂದ, ಈ ಮೌನವನ್ನು ಶಾಸ್ತ್ರವಿಜಯವೆಂದು ಎಣಿಸುವುದು ಹೇಗೆ? ರಾತ್ರಿಯಲ್ಲಿ ಪರಿಚಾರಕನ ಮುಂದೆ ಕುಳಿತ ಪಾಠವು ಈ ಉತ್ಸವಕ್ಕಿಂತ ದೊಡ್ಡದು.

ಇದಕ್ಕೆ ಮೊದಲೇ ಅವನು ಸ್ವದೇಶಕ್ಕೆ ಹಿಂದಿರುಗುವ ಮಾತೆತ್ತಿದಾಗ ನಾಲಂದೆಯ ಭಿಕ್ಷುಗಳೆಲ್ಲರೂ ತಡೆದರು. ಬುದ್ಧನು ಜನಿಸಿದ ನೆಲವಿದು, ಚೀನವು ಮ್ಲೇಚ್ಛದೇಶ, ಇಷ್ಟು ಓದಿ ಅಲ್ಲಿಗೆ ಹೋಗಿ ಮಾಡುವುದೇನು, ಎಂಬುದು ಅವರ ವಾದ. ಅವರು ಪ್ರೀತಿಯಿಂದಲೇ ಹೀಗೆಂದರು. ಪರದೇಶದಲ್ಲಿ ಓದಿ ಮಾನ್ಯನಾದ ವಿದ್ಯಾರ್ಥಿಗೆ ಇದೇ ಕಠಿನವಾದ ಪರೀಕ್ಷೆ. ದ್ವಾರಪಂಡಿತನ ಪ್ರಶ್ನೆಗಳು ಇದರ ಮುಂದೆ ಸುಲಭ. ಇಲ್ಲಿ ಗುರುಗಳಿದ್ದರು, ಗ್ರಂಥಗಳಿದ್ದವು, ಮಹಾಶಾಲಿಯ ಅನ್ನವಿದ್ದಿತು, ರಾಜಗೌರವವಿದ್ದಿತು. ಅಲ್ಲಿ ಅಪ್ಪಣೆಯಿಲ್ಲದೆ ಗಡಿ ದಾಟಿದ ಅಪರಾಧವು ಕಾದಿದ್ದಿತು. ಧರ್ಮವು ಒಂದು ದೇಶದ ಸೊತ್ತಲ್ಲವೆಂದೂ, ಸೂರ್ಯನು ಸಂಚರಿಸುವುದು ಕತ್ತಲೆಯನ್ನು ಕಳೆಯುವುದಕ್ಕಾಗಿಯೆಂದೂ ಅವನು ಸಮಾಧಾನ ಹೇಳಿದನು. ವಾದವು ಶೀಲಭದ್ರರ ಬಳಿಗೆ ಹೋಯಿತು. ಶಿಷ್ಯನ ಅಭಿಪ್ರಾಯವನ್ನು ಕೇಳಿ, ತಾವು ಅವನಿಂದ ಬಯಸಿದುದೂ ಅದೇ ಎಂದು ಅವರು ಹೇಳಿ, ಯಾರೂ ತಡೆಯಬಾರದೆಂದು ವಿಧಿಸಿದರು. ಶಿಷ್ಯನಿಗಾಗಿ ಪ್ರಾಣವನ್ನು ಹಿಡಿದಿದ್ದವರೇ ಅವನನ್ನು ಬಿಟ್ಟುಕೊಟ್ಟರು.

ಹರ್ಷನು ಸಮುದ್ರಮಾರ್ಗದಲ್ಲಿ ಕಳುಹಿಸಿಕೊಡುವೆನೆಂದನು. ಹ್ಯೂಯೆನ್ ತ್ಸಾಂಗನು ಅದನ್ನೊಪ್ಪದೆ ಪರ್ವತಗಳ ಕಷ್ಟದ ದಾರಿಯನ್ನೇ ಹಿಡಿದನು; ಕಾವೊಚಾಂಗಿನ ಅರಸನಿಗೆ ಕೊಟ್ಟ ವಚನವು ಆ ದಾರಿಯಲ್ಲಿದ್ದಿತು. ಸಿಂಧೂನದಿಯನ್ನು ದಾಟುವಾಗ ಬಿರುಗಾಳಿಗೆ ದೋಣಿಯು ಹೊಯ್ದಾಡಿ ಐವತ್ತು ಗ್ರಂಥಗಳು ನೀರುಪಾಲಾದವು. ಅವುಗಳಲ್ಲಿ ಕೆಲವನ್ನು ಮತ್ತೆ ಪ್ರತಿಮಾಡಿಸಿ ತರಿಸುವುದಕ್ಕೆ ಅಲ್ಲಿಯೇ ಐವತ್ತಕ್ಕೂ ಹೆಚ್ಚು ದಿನ ನಿಂತನು. ಇತ್ತ ಕಾವೊಚಾಂಗ್ ರಾಜ್ಯವು 640ರಲ್ಲಿ ತಾಂಗ್ ಸೈನ್ಯದ ವಶವಾಗಿ, ಅದೇ ವರ್ಷ ಆ ಅರಸನು ತೀರಿಹೋಗಿದ್ದನು. ವಚನವನ್ನು ಸ್ವೀಕರಿಸುವವನೇ ಇಲ್ಲವಾದುದರಿಂದ ಅವನು ಖೋತಾನಿನ ಮಾರ್ಗವಾಗಿ ಮುಂದುವರಿದು, ಅಲ್ಲಿಂದ ಚಕ್ರವರ್ತಿಗೆ ಕ್ಷಮಾಯಾಚನೆಯ ಬಿನ್ನಹವನ್ನು ಕಳುಹಿಸಿದನು.

645ರಲ್ಲಿ ಚಾಂಗ್-ಆನ್ ನಗರವನ್ನು ಪ್ರವೇಶಿಸಿದಾಗ ಅವನ ಜೊತೆಯಲ್ಲಿ 657 ಗ್ರಂಥಗಳು 520 ಕಟ್ಟುಗಳಲ್ಲಿ ಇಪ್ಪತ್ತು ಕುದುರೆಗಳ ಮೇಲೆ ಬಂದವು. ಬೀದಿಗಳಲ್ಲಿ ಜನಸಾಗರವು ನೆರೆಯಿತು. ಚಕ್ರವರ್ತಿ ತಾಯ್‌ತ್ಸುಂಗನು ಅಪರಾಧವನ್ನು ಕ್ಷಮಿಸಿದುದಲ್ಲದೆ ಮಂತ್ರಿಪದವಿಯನ್ನೇ ಕೊಡುವೆನೆಂದನು. ಅದನ್ನು ವಿನಯದಿಂದ ನಿರಾಕರಿಸಿ ಭಾಷಾಂತರಕ್ಕೆ ಬೇಕಾದ ಸ್ಥಳವನ್ನೂ ಸಹಾಯಕರನ್ನೂ ಬೇಡಿದನು. ತಾನು ಕಂಡ ಕೇಳಿದ ದೇಶಗಳ ವೃತ್ತಾಂತವನ್ನು ಚಕ್ರವರ್ತಿಯ ಇಚ್ಛೆಯಂತೆ 646ರಲ್ಲಿ ಹನ್ನೆರಡು ಸಂಪುಟಗಳಲ್ಲಿ ಒಪ್ಪಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಿಂಗ್‌ಹ್ಯಾಮನು ನಾಲಂದೆಯ ಹಾಳುದಿಬ್ಬಗಳನ್ನು ಗುರುತಿಸಿದುದು ಈ ಪುಸ್ತಕದ ಆಧಾರದಿಂದಲೇ. ಆದರೆ ಲೇಖಕನ ದೃಷ್ಟಿಯಲ್ಲಿ ಅದು ರಾಜಾಜ್ಞೆಯ ಪಾಲನೆ ಮಾತ್ರ. ಅವನ ಜೀವವು ಭಾಷಾಂತರದಲ್ಲಿದ್ದಿತು. ಹತ್ತೊಂಬತ್ತು ವರ್ಷಗಳಲ್ಲಿ 75 ಗ್ರಂಥಗಳು, 1335 ಸಂಪುಟಗಳು ಸಿದ್ಧವಾದವು. ದಿನಕ್ಕಿಷ್ಟೆಂದು ಭಾಗವನ್ನು ಗೊತ್ತುಮಾಡಿಕೊಂಡು, ಹಗಲು ಅಡ್ಡಿಯಾದರೆ ರಾತ್ರಿ ಮುಗಿಸಿಯೇ ಮಲಗುವನು. ಯೋಗಾಚಾರಭೂಮಿಯ ನೂರು ಸಂಪುಟಗಳು 648ರಲ್ಲಿ ಮುಗಿದವು. ಪರಮತವಾದ ವೈಶೇಷಿಕದ ದಶಪದಾರ್ಥಶಾಸ್ತ್ರವನ್ನೂ ಅದೇ ವರ್ಷ ಭಾಷಾಂತರಿಸಿದನು. ಅದರ ಸಂಸ್ಕೃತ ಮೂಲವು ಇಲ್ಲಿ ನಷ್ಟವಾಗಿ, ಆ ಚೀನೀ ರೂಪವೊಂದೇ ಉಳಿದುಬಂದಿದೆ. ತಂದ ಓಲೆಗಳ ರಕ್ಷಣೆಗಾಗಿ 652ರಲ್ಲಿ ಕಟ್ಟಿಸಿದ ಗೋಪುರವು ಷಿ-ಆನ್ ನಗರದಲ್ಲಿ ಈಗಲೂ ಇದೆ. ಕಟ್ಟುವಾಗ ಇಟ್ಟಿಗೆಕಲ್ಲುಗಳ ಬುಟ್ಟಿಯನ್ನು ಅವನೇ ಹೊತ್ತನಂತೆ.

ಅದೇ ವರ್ಷ ಬುದ್ಧಗಯೆಯ ಮಹಾಬೋಧಿ ವಿಹಾರದಿಂದ ಜ್ಞಾನಪ್ರಭ ಪ್ರಜ್ಞಾದೇವರೆಂಬ ಹಳೆಯ ಪರಿಚಿತರ ಓಲೆಯೂ, ಜೊತೆಯಲ್ಲಿ ಎರಡು ಬಿಳಿಯ ಹತ್ತಿಬಟ್ಟೆಗಳೂ ಬಂದವು. ತಾವು ಮರೆತಿಲ್ಲವೆಂಬುದನ್ನು ತಿಳಿಸುವುದಕ್ಕಾಗಿ ಈ ಅಲ್ಪಕಾಣಿಕೆಯೆಂದು ಅವರು ಬರೆದಿದ್ದರು. ಪ್ರಜ್ಞಾದೇವನು ಕನೂಜದಲ್ಲಿ ಅವನೊಡನೆ ವಾದಿಸಿ ಸೋತವನು. ಹ್ಯೂಯೆನ್ ತ್ಸಾಂಗನು 654ರಲ್ಲಿ ಉತ್ತರವನ್ನು ಬರೆದನು. ಅಷ್ಟರಲ್ಲಿ ಭಾರತದಿಂದ ಮರಳಿದ ರಾಯಭಾರಿಯಿಂದ ಶೀಲಭದ್ರರು ದೇಹವನ್ನು ಬಿಟ್ಟರೆಂಬ ವಾರ್ತೆಯು ತಿಳಿದಿದ್ದಿತು. ಆ ದುಃಖವನ್ನು ಓಲೆಯಲ್ಲಿ ತೋಡಿಕೊಂಡು, ಗುರುಗಳಿಂದ ಕೇಳಿದ ಯೋಗಶಾಸ್ತ್ರ ಮೊದಲಾದವು ಚೀನೀ ಭಾಷೆಗೆ ಬಂದಿವೆಯೆಂದು ತಿಳಿಸಿದನು. ಕೊನೆಯಲ್ಲಿ, ಸಿಂಧೂನದಿಯಲ್ಲಿ ಮುಳುಗಿದ ಗ್ರಂಥಗಳ ಹೆಸರುಗಳನ್ನು ಬರೆದು, ಅನುಕೂಲವಾದರೆ ಕಳುಹಿಸಿಕೊಡಬೇಕೆಂದು ಬೇಡಿಕೊಂಡನು. ಹತ್ತು ವರ್ಷ ಕಳೆದರೂ ಆ ಪಟ್ಟಿಯು ಅವನಲ್ಲಿ ಇದ್ದಿತು.

ಅವನಲ್ಲಿಗೂ ಪರದೇಶದ ವಿದ್ಯಾರ್ಥಿಗಳು ಬರತೊಡಗಿದ್ದರು. 653ರಲ್ಲಿ ಜಪಾನದಿಂದ ಬಂದ ದೋಶೋ ಎಂಬ ಭಿಕ್ಷುವನ್ನು ತನ್ನ ಕೋಣೆಯಲ್ಲಿಯೇ ಇರಿಸಿಕೊಂಡು ಪಾಠ ಹೇಳಿದನೆಂದು ಜಪಾನದ ಪರಂಪರೆಯಿದೆ. 660ರಲ್ಲಿ ಮಹಾಪ್ರಜ್ಞಾಪಾರಮಿತೆಯ ಭಾಷಾಂತರವನ್ನು ಹಿಡಿದನು. ಮೂಲವು ಎರಡು ಲಕ್ಷ ಶ್ಲೋಕಗಳ ಪ್ರಮಾಣದ್ದು, ಪುನರುಕ್ತಿಗಳು ಹೇರಳ. ಗುರುವಿನ ದೇಹಸ್ಥಿತಿಯನ್ನು ಕಂಡು ಸಂಕ್ಷೇಪಿಸಬೇಕೆಂದು ಶಿಷ್ಯರು ಪ್ರಾರ್ಥಿಸಿದರು. ಮೊದಲು ಒಪ್ಪಿದನು, ಆ ರಾತ್ರಿ ಭಯಂಕರವಾದ ಕನಸುಗಳು ಬಿದ್ದು, ಬೆಳಗಾಗುತ್ತಲೇ ಒಂದಕ್ಷರವನ್ನೂ ಬಿಡಕೂಡದೆಂದು ನಿಶ್ಚಯಿಸಿದನು. ಆರುನೂರು ಸಂಪುಟಗಳು 663ರಲ್ಲಿ ಮುಗಿದವು. ಮುಂದಿನ ಗ್ರಂಥವನ್ನು ತೆರೆದು ಕೆಲವು ಪಂಕ್ತಿಗಳನ್ನು ಮಾಡುವಷ್ಟರಲ್ಲಿ ಶಕ್ತಿಯು ತೀರಿತೆಂದು ಓಲೆಯನ್ನು ಮುಚ್ಚಿದನು. 664ನೆಯ ವರ್ಷದ ಆರಂಭದಲ್ಲಿ ದೇಹವನ್ನು ಬಿಟ್ಟನು.

669ರಲ್ಲಿ ಅವನ ಅವಶೇಷಗಳನ್ನು ಚಾಂಗ್-ಆನಿನ ದಕ್ಷಿಣಕ್ಕೆ ಸಾಗಿಸಿ ಸ್ತೂಪವನ್ನು ಕಟ್ಟಿದರು; ಷಿಂಗ್-ಜಿಯಾವ್ ಎಂಬ ವಿಹಾರವು ಅಲ್ಲಿ ಬೆಳೆಯಿತು. ಆ ಸ್ತೂಪದ ಎರಡು ಪಕ್ಕಗಳಲ್ಲಿ ಶಿಷ್ಯರಿಬ್ಬರ ಚಿಕ್ಕ ಸ್ತೂಪಗಳಿವೆ. ಒಂದು ಚೀನದವನೇ ಆದ ಕುಯಿಜಿಯದು. ಇನ್ನೊಂದು ಕೊರಿಯದ ಸಿಲ್ಲಾ ರಾಜ್ಯದಿಂದ ಬಾಲ್ಯದಲ್ಲಿಯೇ ಓದುವುದಕ್ಕೆಂದು ಬಂದು, ಮತ್ತೆ ಊರಿಗೆ ಹಿಂದಿರುಗದ ವೋಂಚುಕನದು.